ಸ್ಪಂಜಿನ ವಿಷ, ಹವಳದ ಮೀನು

ಹವಳದ ದಿಬ್ಬಗಳ ಅಳಿವನ್ನು ಕುರಿತು ಈಚಿನ ವರ್ಷಗಳಲ್ಲಿ ನಮ್ಮ ಪತ್ರಿಕೆಗಳಲ್ಲಿ ಬರುತ್ತಿರುವ ಬರಹಗಳಲ್ಲಿ ಬಿಳಿಚಿಕೊಂಡ ಹವಳದ ಚಿತ್ರವಿರುತ್ತದೆ, ಬಣ್ಣಬಣ್ಣದ ಮೀನುಗಳ ವರ್ಣನೆಯಿರುತ್ತದೆ, ಕಾಯುತ್ತಿರುವ ಕಡಲಿನ ಉಷ್ಣಮಾನದ ಲೆಕ್ಕವಿರುತ್ತದೆ. ಆದರೆ ಅದೇ ದಿಬ್ಬದ ಸಂದುಗೊಂದುಗಳಲ್ಲಿಯೂ ಚಾಚುಬಂಡೆಗಳ ಅಡಿಯ ನೆರಳಿನಲ್ಲಿಯೂ, ಕೆರಿಬಿಯನ್ ಸಮುದ್ರದ ಅನೇಕ ಕಡೆಗಳಲ್ಲಂತೂ ಜೀವಂತ ಹವಳಕ್ಕಿಂತ ಹೆಚ್ಚಿನ ನೆಲವನ್ನು ಆವರಿಸಿಕೊಂಡೂ ಬಾಳುತ್ತಿರುವ ಸ್ಪಂಜುಗಳ ಪ್ರಸ್ತಾಪ ಮಾತ್ರ ಬಹು ವಿರಳ. ಈ ಉಪೇಕ್ಷೆಯಿಂದ ನಮ್ಮ ತಿಳಿವಳಿಕೆ ಬಡವಾಗಿರುವುದರ ಜೊತೆಗೆ, ದಿಬ್ಬಗಳನ್ನು ಕಾಯಬೇಕೆಂಬ ನಮ್ಮ ನೀತಿಯೂ ದುರ್ಬಲವಾಗಿದೆಯೆಂದು ನಾನು ನಂಬಿದ್ದೇನೆ. ಸ್ಪಂಜಿನ ಜೀವನಕ್ರಮವನ್ನು ಒಮ್ಮೆ ಸಾವಧಾನವಾಗಿ ನೋಡಿದವರಿಗೆ, ಸ್ಪಂಜಿನ ಸತ್ತ್ವ ಉಳಿಯಬೇಕಾದರೆ ಸ್ಪಂಜನ್ನು ತಿನ್ನುವ ಮೀನು ಮೊದಲು ಉಳಿಯಬೇಕು ಎಂಬುದು ತಾನಾಗಿಯೇ ವೇದ್ಯವಾಗುತ್ತದೆ. ಇಲ್ಲಿ ನಾನು ಹೇಳಬೇಕೆಂದಿರುವುದೂ ಅದನ್ನೇ.

ಸ್ನಾನದ ಮನೆಯಲ್ಲಿ ಹಿಂದೆ ಬಳಸುತ್ತಿದ್ದ ಮೃದುವಾದ ಸ್ಪಂಜು ಒಂದು ಪ್ರಾಣಿಯ ಅಸ್ಥಿಪಂಜರ ಮಾತ್ರ. ಜೀವಂತ ಸ್ಪಂಜಿಗೆ ನರಗಳಿಲ್ಲ, ಸ್ನಾಯುಗಳಿಲ್ಲ, ಹೃದಯವಾಗಲಿ ಜಠರವಾಗಲಿ ಇಲ್ಲ. ಆದರೂ ಅದು ಪ್ರಾಣಿಯೇ, ಅದರಲ್ಲೂ ಪ್ರಾಣಿಸಂಕುಲದ ಅತ್ಯಂತ ಪುರಾತನ ವಂಶಗಳಲ್ಲೊಂದಕ್ಕೆ ಸೇರಿದುದು. ಈವರೆಗೆ ವಿವರಿಸಲ್ಪಟ್ಟಿರುವ ಅದರ ಪ್ರಭೇದಗಳು 9,000ಕ್ಕೆ ಮಿಕ್ಕಿವೆ. ಅದರ ಮೈಯೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳು. ಆ ರಂಧ್ರಗಳ ಒಳಗೆ ಕವಲೊಡೆದ ಕಾಲುವೆಗಳು. ಕಾಲುವೆಗಳ ನಡುನಡುವೆ ಪುಟ್ಟ ಕೋಣೆಗಳು. ಆ ಕೋಣೆಗಳ ಗೋಡೆಯ ಪ್ರತಿಯೊಂದು ಜೀವಕೋಶಕ್ಕೂ ಚಾವಟಿಯಂಥ ಒಂದು ಎಳೆ. ಈ ಎಳೆಗಳ ನಿರಂತರ ಬಡಿತದಿಂದಲೇ ಸಮುದ್ರದ ನೀರು ಒಳಗೆ ಸೆಳೆಯಲ್ಪಟ್ಟು, ತನ್ನಲ್ಲಿನ ಬ್ಯಾಕ್ಟೀರಿಯಗಳನ್ನೂ ಸೂಕ್ಷ್ಮ ಕಣಗಳನ್ನೂ ಅಲ್ಲಿಯೇ ಬಿಟ್ಟು, ಮೇಲ್ಗಡೆಯ ದೊಡ್ಡ ಬಾಯಿಯಿಂದ ಹೊರಕ್ಕೆ ಹರಿದುಹೋಗುತ್ತದೆ. ಹೀಗೆ ಒಂದು ದಿನದಲ್ಲಿ ತನ್ನ ಗಾತ್ರದ ಸಾವಿರಾರು ಪಟ್ಟು ನೀರನ್ನು ಶೋಧಿಸುವ ಈ ಜೀವಿಗಳಲ್ಲಿ ಕೆಲವು ಅಂಗೈಯಗಲದ ತೆಳು ಹೊದಿಕೆಯಂತೆ ಬಂಡೆಗೆ ಅಂಟಿಕೊಂಡಿದ್ದರೆ, ಕೆರಿಬಿಯನ್ನಿನ ಮಹಾಪೀಪಾಯಿ ಸ್ಪಂಜು ಬತ್ತದ ಕಣಜದಷ್ಟು ದಪ್ಪಕ್ಕೆ ಬೆಳೆದು, ತನ್ನೊಳಗೆ ಒಬ್ಬ ಮನುಷ್ಯ ಮುದುಡಿ ಕೂರುವಷ್ಟು ಜಾಗವನ್ನು ಮಾಡಿಕೊಂಡಿರುತ್ತದೆ. ಕ್ಯುರಸಾವ್ ದ್ವೀಪದ ಬಳಿಯಿದ್ದ ಅಂಥದೊಂದರ ವಯಸ್ಸು ಎರಡು ಸಹಸ್ರ ವರ್ಷಗಳನ್ನು ಮೀರಿದ್ದಿರಬೇಕೆಂದು ಬೆಳವಣಿಗೆಯ ವೇಗವನ್ನು ಅಳೆದವರು ಅಂದಾಜು ಮಾಡಿದ್ದಾರೆ.

ದಿಬ್ಬದ ಸಂಸಾರದಲ್ಲಿ ಇವುಗಳ ಕೆಲಸ ಸಾಮಾನ್ಯವಾದುದಲ್ಲ. ಪೋಷಕಾಂಶಗಳೇ ಇಲ್ಲವೆನ್ನುವಷ್ಟು ತಿಳಿಯಾದ ಉಷ್ಣವಲಯದ ನೀರಿನಲ್ಲಿ ಇಷ್ಟೊಂದು ಜೀವಿಗಳು ಹೇಗೆ ಬದುಕುತ್ತವೆ ಎಂಬುದು ಡಾರ್ವಿನ್ನನ ಹೆಸರಿನೊಡನೆ ಸೇರಿಕೊಂಡು ಬಂದಿರುವ ಹಳೆಯ ಪ್ರಶ್ನೆ. ಹವಳವೂ ಪಾಚಿಯೂ ನೀರಿಗೆ ಸ್ರವಿಸುವ ಕರಗಿದ ಸಾವಯವ ದ್ರವ್ಯವನ್ನು ಮೀನು ತಿನ್ನಲಾರದು, ಏಡಿ ತಿನ್ನಲಾರದು. ಸ್ಪಂಜು ಮಾತ್ರ ಅದನ್ನು ಹೀರಿಕೊಂಡು, ತನ್ನ ಶೋಧಕ ಕೋಶಗಳನ್ನು ಅತಿ ಶೀಘ್ರವಾಗಿ ಹೊಸದಾಗಿಸಿಕೊಳ್ಳುತ್ತ, ಹಳೆಯವನ್ನು ಉದುರಿಸುತ್ತ, ಆ ಉದುರಿದ ಕಣಗಳ ರೂಪದಲ್ಲಿ ತಳದ ಹುಳುಹುಪ್ಪಟೆಗಳಿಗೂ ಅವುಗಳ ಮೂಲಕ ಮೇಲಿನ ಜೀವಿಗಳಿಗೂ ಆಹಾರವನ್ನು ಹಿಂದಿರುಗಿಸುತ್ತದೆಯೆಂಬುದನ್ನು ಕ್ಯುರಸಾವ್‌ನಲ್ಲಿ ಕೆಲಸ ಮಾಡಿದ ಡಚ್ ವಿಜ್ಞಾನಿಗಳ ತಂಡವೊಂದು 2013ರಲ್ಲಿ ತೋರಿಸಿಕೊಟ್ಟಿತು. ಅದಕ್ಕೂ ಬಹಳ ಮುಂಚೆ, 1979ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಕೆರಿಬಿಯನ್ನಿನ ಕೆಲವು ತುಂಡು ದಿಬ್ಬಗಳಿಂದ ಸ್ಪಂಜುಗಳನ್ನೆಲ್ಲ ಕಿತ್ತು ತೆಗೆದು ಆರು ತಿಂಗಳು ಬಿಟ್ಟು ನೋಡಿದಾಗ, ಅಲ್ಲಿನ ಹವಳಗಳಲ್ಲಿ ಶೇಕಡ 40ರಷ್ಟು ಸಡಿಲಗೊಂಡು ಕಳೆದುಹೋಗಿದ್ದವು. ಸ್ಪಂಜುಗಳನ್ನು ಮುಟ್ಟದೆ ಬಿಟ್ಟ ದಿಬ್ಬಗಳಲ್ಲಿ ಆ ನಷ್ಟ ಶೇಕಡ 4 ಮಾತ್ರ. ಹವಳವನ್ನು ಹವಳಕ್ಕೆ ಬಿಗಿದು ಹಿಡಿದಿದ್ದುದು ಈ ಮೂಕಜೀವಿಯೇ.

ಇಂಥ ಜೀವಿ ಓಡಲಾರದು, ಅಡಗಲಾರದು, ಕಚ್ಚಲಾರದು. ದಿಬ್ಬದ ಮೇಲಾದರೋ ಹಗಲೆಲ್ಲ ಸಾವಿರ ಬಾಯಿಗಳು ಸುತ್ತುತ್ತಿರುತ್ತವೆ. ಸ್ಪಂಜಿನ ಮೈಯಲ್ಲಿ ಗಾಜಿನಂಥ ಸಿಲಿಕದ ಸೂಕ್ಷ್ಮ ಮುಳ್ಳುಗಳು ಹೇರಳವಾಗಿರುವುದನ್ನು ಕಂಡವರು, ಅವೇ ಅದರ ಕವಚವಿರಬೇಕೆಂದು ಬಹುಕಾಲ ಊಹಿಸಿದ್ದರು. ಊಹೆ ಸಹಜವಾಗಿಯೇ ಇತ್ತು. ಆದರೆ ಅದನ್ನು ಮೀನಿನ ಮುಂದಿಟ್ಟು ಪರೀಕ್ಷಿಸಿದವರು, ಅಮೆರಿಕದ ಉತ್ತರ ಕೆರೊಲಿನಾ ವಿಶ್ವವಿದ್ಯಾನಿಲಯದ ವಿಲ್ಮಿಂಗ್ಟನ್ ಶಾಖೆಯ ಜೋಸೆಫ್ ಪಾಲಿಕ್ ಮತ್ತು ಅವರ ಸಂಗಡಿಗರು.

ಅವರ ಪರೀಕ್ಷೆಯ ಸರಳತೆ ನನಗೆ ಬಹಳ ಮೆಚ್ಚುಗೆಯಾದುದು. ಸ್ಪಂಜಿನ ಒಂದು ತುಂಡನ್ನು ಅಳೆದು ತೆಗೆದುಕೊಂಡು, ದ್ರಾವಕಗಳಲ್ಲಿ ನೆನೆಯಿಟ್ಟು, ಅದರೊಳಗಿನ ರಾಸಾಯನಿಕ ಸಾರವನ್ನೆಲ್ಲ ಬೇರ್ಪಡಿಸಿ, ಸ್ಪಂಜಿನ ದೇಹದಲ್ಲಿ ಎಷ್ಟು ಸಾಂದ್ರವಾಗಿತ್ತೋ ಅಷ್ಟೇ ಸಾಂದ್ರತೆಯಲ್ಲಿ ಆ ಸಾರವನ್ನು ಕಡಲಕಳೆಯಿಂದ ದೊರೆಯುವ ಅಂಟಿನೊಡನೆಯೂ ಸ್ಕ್ವಿಡ್ಡಿನ ಮಾಂಸದ ಪುಡಿಯೊಡನೆಯೂ ಕಲಸಿ ಸಣ್ಣ ಗುಳಿಗೆಗಳನ್ನು ಮಾಡುವುದು. ಸಾರವಿಲ್ಲದೆ ಬರಿಯ ಅಂಟು ಮತ್ತು ಮಾಂಸದಿಂದ ಅದೇ ಬಣ್ಣದ ಬೇರೆ ಗುಳಿಗೆಗಳನ್ನು ಮಾಡುವುದು. ಎರಡನ್ನೂ ಒಂದಾದಮೇಲೊಂದರಂತೆ ತೊಟ್ಟಿಯಲ್ಲಿನ ನೀಲಿ ತಲೆಯ ರಾಸ್ ಮೀನುಗಳ ಮುಂದೆ ಹಾಕುವುದು. ಮೀನು ಎರಡನ್ನೂ ಬಾಯಿಗೆ ಹಾಕಿಕೊಳ್ಳುತ್ತದೆ. ಮಾಂಸದ ಗುಳಿಗೆಯನ್ನು ನುಂಗುತ್ತದೆ. ವಿಷದ ಗುಳಿಗೆಯನ್ನು ಉಗುಳಿ, ಮತ್ತೊಮ್ಮೆ ಬಾಯಿಗೆಳೆದುಕೊಂಡು ನೋಡಿ, ಮತ್ತೆ ಉಗುಳಿ, ಕೊನೆಗೆ ಅದರ ತಂಟೆಗೆ ಹೋಗದೆ ಈಜಿಹೋಗುತ್ತದೆ. ಕೆರಿಬಿಯನ್ನಿನ 71 ಪ್ರಭೇದಗಳನ್ನು ಹೀಗೆ ಪರೀಕ್ಷಿಸಿ 1995ರಲ್ಲಿ ಅವರು ಪ್ರಕಟಿಸಿದ ಫಲಿತಾಂಶದ ಪ್ರಕಾರ ಶೇಕಡ 69ರಷ್ಟು ಪ್ರಭೇದಗಳು ಮೀನಿಗೆ ಅಸಹ್ಯವಾದ ದ್ರವ್ಯಗಳನ್ನು ಒಳಗೊಂಡಿದ್ದವು. ಮುಳ್ಳುಗಳನ್ನು ಮಾತ್ರ ಬೆರೆಸಿದ ಗುಳಿಗೆಗಳನ್ನು ಮೀನುಗಳು ಹೆಚ್ಚುಕಡಮೆ ನಿರ್ವಿಕಾರವಾಗಿ ತಿಂದುಬಿಟ್ಟವು. ಸ್ಪಂಜನ್ನು ಕಾಯುತ್ತಿದ್ದುದು ಗಾಜಿನ ಮುಳ್ಳಲ್ಲ, ರಸಾಯನ.

ಆ ರಸಾಯನದ ವೈವಿಧ್ಯವನ್ನು ನೋಡಿದರೆ ಬೆರಗಾಗುತ್ತದೆ. ಅಗೆಲಾಸ್ ಎಂಬ ಕುಲದ ಕಿತ್ತಳೆ ಬಣ್ಣದ ಸ್ಪಂಜುಗಳು ಬ್ರೋಮಿನನ್ನು ಹೊತ್ತ ಕ್ಷಾರಾಭಗಳನ್ನು ತಮ್ಮ ಅಂಗಾಂಶದಲ್ಲಿ ಸಂಗ್ರಹಿಸಿಟ್ಟುಕೊಳ್ಳುತ್ತವೆ. ಮೆಡಿಟರೇನಿಯನ್ ಸಮುದ್ರದ ಏಪ್ಲಿಸಿನ ಎಂಬ ಹಳದಿ ಸ್ಪಂಜು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ: ಅದರ ದೇಹದಲ್ಲಿರುವ ದೊಡ್ಡ ಅಣುಗಳು, ಮೈಗೆ ಗಾಯವಾದೊಡನೆ, ಅಲ್ಲಿಯೇ ಇರುವ ಕಿಣ್ವಗಳ ದೆಸೆಯಿಂದ ಒಡೆದು ಚಿಕ್ಕವೂ ಹೆಚ್ಚು ತೀವ್ರವೂ ಆದ ದ್ರವ್ಯಗಳಾಗಿ ಮಾರ್ಪಡುತ್ತವೆ. ಈ ವಿಷಗಳಲ್ಲಿ ಹಲವನ್ನು ಸ್ಪಂಜು ತಾನೇ ತಯಾರಿಸುವುದೂ ಇಲ್ಲ. ಕೆಲವು ಜಾತಿಗಳ ದೇಹದ್ರವ್ಯದ ಮೂರನೆಯ ಒಂದು ಪಾಲಿನಷ್ಟನ್ನು ತುಂಬಿಕೊಂಡಿರುವ ಸಹಜೀವಿ ಬ್ಯಾಕ್ಟೀರಿಯಗಳು ಅದಕ್ಕಾಗಿ ತಯಾರಿಸಿಕೊಡುತ್ತವೆ. ಈ ಎಲ್ಲ ವಿಷವನ್ನೂ ಲೆಕ್ಕಿಸದೆ ತಿನ್ನುವ, ಚಿಪ್ಪಿಲ್ಲದ ಕಡಲ ಬಸವನಹುಳುಗಳೂ ಉಂಟು. ಬರಿಮೈಯ ಈ ಪುಟ್ಟ ಪ್ರಾಣಿಗಳಲ್ಲಿ ಕೆಲವು ಸ್ಪಂಜಿನ ವಿಷವನ್ನೇ ತಮ್ಮ ಚರ್ಮದಲ್ಲಿ ಶೇಖರಿಸಿಕೊಂಡು ತಮ್ಮ ಶತ್ರುಗಳಿಂದ ಪಾರಾಗುತ್ತವೆ.

ಈಗ ನನ್ನ ವಾದದ ಮುಖ್ಯ ಭಾಗಕ್ಕೆ ಬರುತ್ತೇನೆ. ವಿಷವನ್ನು ತಯಾರಿಸಿಟ್ಟುಕೊಳ್ಳುವುದು ಯಾವ ಜೀವಿಗೂ ಪುಕ್ಕಟೆ ದೊರೆಯುವ ಸೌಲಭ್ಯವಲ್ಲ. ಅದಕ್ಕೆ ವ್ಯಯವಾದ ಶಕ್ತಿಯನ್ನು ಬೆಳವಣಿಗೆಯಿಂದಲೋ ಸಂತಾನದಿಂದಲೋ ಗಾಯ ಮಾಯಿಸಿಕೊಳ್ಳುವ ಸಾಮರ್ಥ್ಯದಿಂದಲೋ ಕಳೆದುಕೊಳ್ಳಲೇಬೇಕು. ಆದುದರಿಂದಲೇ ದಿಬ್ಬದ ಮೇಲೆ ಎರಡು ಬಗೆಯ ಸ್ಪಂಜುಗಳು ಕಾಣುತ್ತವೆ. ಮೊದಲನೆಯ ಬಗೆಯವು ವಿಷವುಳ್ಳವು, ನಿಧಾನವಾಗಿ ಬೆಳೆಯುವಂಥವು. ಎರಡನೆಯವು ವಿಷವಿಲ್ಲದೆ, ಮೀನಿಗೆ ರುಚಿಯಾಗಿದ್ದು, ಕಚ್ಚಿಸಿಕೊಂಡಷ್ಟನ್ನೂ ಬೇಗ ಬೇಗ ಬೆಳೆದು ತುಂಬಿಕೊಳ್ಳುವಂಥವು. ಮೀನಿನ ಬಾಯಿ ಸುತ್ತುತ್ತಿರುವವರೆಗೆ ಎರಡನೆಯ ಬಗೆಯವು ಹದ್ದು ಮೀರುವಂತಿಲ್ಲ. ಕಾಂಡ್ಲಾ ಬೇರುಗಳಿಗೆ ಅಂಟಿಕೊಂಡು, ಸ್ಪಂಜು ತಿನ್ನುವ ಮೀನುಗಳು ಸುಳಿಯದ ಕಡೆ ಸೊಂಪಾಗಿ ಬೆಳೆದ ಸ್ಪಂಜುಗಳನ್ನು ತಂದು ದಿಬ್ಬದ ಮೇಲೆ ಇಟ್ಟು ನೋಡಿದವರಿಗೆ ಇದು ಕಣ್ಣಾರೆ ಕಂಡಿತು: ಏಂಜಲ್ ಮೀನುಗಳೂ ಗಿಳಿಮೀನುಗಳೂ ಅವಕ್ಕೆ ಮುತ್ತಿಕೊಂಡು ಬಹುಬೇಗನೆ ಮುಗಿಸಿಬಿಟ್ಟವು, ಪಕ್ಕದಲ್ಲೇ ಬೆಳೆದಿದ್ದ ದಿಬ್ಬದ ವಿಷಸ್ಪಂಜುಗಳನ್ನು ಮುಟ್ಟಲಿಲ್ಲ.

ಹಾಗಾದರೆ ಆ ಮೀನುಗಳೇ ಇಲ್ಲವಾದ ದಿಬ್ಬದಲ್ಲಿ ಏನಾಗುತ್ತದೆ? ಪಾಲಿಕ್ ಮತ್ತು ಅವರ ಶಿಷ್ಯರು ಕೆರಿಬಿಯನ್ನಿನ 12 ದೇಶಗಳ 69 ದಿಬ್ಬಗಳನ್ನು ಮುಳುಗಿ ನೋಡಿ 2014ರಲ್ಲಿ ಅದಕ್ಕೆ ಉತ್ತರ ಕೊಟ್ಟರು. ಬೋನುಗಳೂ ಬಲೆಗಳೂ ಮೀನನ್ನೆಲ್ಲ ಸೋಸಿ ತೆಗೆದ ದಿಬ್ಬಗಳಲ್ಲಿ, ರುಚಿಯಾದವೂ ಶೀಘ್ರವಾಗಿ ಬೆಳೆಯುವವೂ ಆದ ಸ್ಪಂಜುಗಳು ಮೇಲುಗೈ ಪಡೆದಿದ್ದವು. ಮೀನುಗಳನ್ನು ಕಾಪಾಡಿಕೊಂಡ ದಿಬ್ಬಗಳಲ್ಲಿ ವಿಷವುಳ್ಳವು ಪ್ರಬಲವಾಗಿದ್ದವು. ಹೀಗೆ ಹದ್ದು ಮೀರಿದ ಸ್ಪಂಜುಗಳು ಹವಳದ ಮೇಲೆ ಹಬ್ಬಿ ಅದನ್ನು ಮುಚ್ಚಿಬಿಡುವುದೂ ಅಂಥ ದಿಬ್ಬಗಳಲ್ಲಿಯೇ ಹೆಚ್ಚೆಂಬುದು ಮರುವರ್ಷದ ವರದಿಯಿಂದ ತಿಳಿದುಬಂದಿತು. ಜಮೈಕಾದ ಕತೆ ಎಲ್ಲರೂ ಬಲ್ಲದ್ದು: ತಲೆಮಾರುಗಳ ಕಾಲ ಮಿತಿಯಿಲ್ಲದೆ ಮೀನು ಹಿಡಿದ ಆ ದ್ವೀಪದ ಸುತ್ತ, 1980ರ ಚಂಡಮಾರುತವೂ 1983ರಲ್ಲಿ ಪಾಚಿಯನ್ನು ಮೇಯುವ ಕಡಲ ಮುಳ್ಳುಚೆಂಡುಗಳಿಗೆ ಬಂದ ಸಾಂಕ್ರಾಮಿಕವೂ ಸೇರಿ, 1977ರಲ್ಲಿ ಶೇಕಡ 52 ಇದ್ದ ಹವಳದ ಹೊದಿಕೆ 1993ರ ವೇಳೆಗೆ ಶೇಕಡ 3ಕ್ಕೆ ಇಳಿದಿತ್ತು. ಅಲ್ಲಿ ಹವಳದ ಜಾಗವನ್ನು ಆಕ್ರಮಿಸಿದ್ದು ಮುಖ್ಯವಾಗಿ ಪಾಚಿಯೇ ಆದರೂ, ಮೇಯುವ ಬಾಯಿಗಳನ್ನು ಕಳೆದುಕೊಂಡ ದಿಬ್ಬಕ್ಕೆ ಆಘಾತವನ್ನು ತಾಳಿಕೊಳ್ಳುವ ಶಕ್ತಿ ಉಳಿಯುವುದಿಲ್ಲವೆಂಬುದು ಎರಡೂ ಕಡೆ ಒಂದೇ.

ಕಡಲಾಮೆಯನ್ನೂ ಇಲ್ಲಿ ನೆನೆಯಬೇಕು. ಹಾಕ್ಸ್‌ಬಿಲ್ ಎಂಬ, ಕೊಕ್ಕಿನಂಥ ಬಾಯಿಯುಳ್ಳ ಕೆರಿಬಿಯನ್ನಿನ ಆಮೆಗಳ ಜಠರವನ್ನು ಪರಿಶೀಲಿಸಿ ಆನ್ ಮೇಲನ್ ಎಂಬ ವಿಜ್ಞಾನಿ 1988ರಲ್ಲಿ ಬರೆದ ಪ್ರಕಾರ, ಅವು ತಿಂದ ಆಹಾರದ ಒಣತೂಕದಲ್ಲಿ ಶೇಕಡ 95ರಷ್ಟು ಸ್ಪಂಜೇ ಆಗಿತ್ತು. ಮುಳ್ಳನ್ನೂ ವಿಷವನ್ನೂ ಜೀರ್ಣಿಸಿಕೊಂಡು ಬಾಳುವ ಈ ಆಮೆಯನ್ನು ಮನುಷ್ಯರು ಬಾಚಣಿಗೆಗೂ ಆಭರಣದ ಪೆಟ್ಟಿಗೆಗೂ ಬೇಕಾದ ಚಿಪ್ಪಿಗಾಗಿ ಶತಮಾನಗಳ ಕಾಲ ಕೊಂದರು. ಆ ಚಿಪ್ಪಿನ ವ್ಯಾಪಾರದಿಂದ ದಿಬ್ಬಗಳ ಸ್ಪಂಜುಗಳಲ್ಲಿ ಎಂಥ ಪಲ್ಲಟವಾಗಿರಬಹುದೆಂದು ಯೋಚಿಸಿದಾಗ ಮನಸ್ಸು ಭಾರವಾಗುತ್ತದೆ.

ಸ್ಪಂಜಿನ ವಿಷದಿಂದ ಮನುಷ್ಯನಿಗೆ ಆದ ಉಪಕಾರವನ್ನು ಹೇಳದಿದ್ದರೆ ವಿಷಯ ಅಪೂರ್ಣವಾಗುತ್ತದೆ. ಯೇಲ್ ವಿಶ್ವವಿದ್ಯಾನಿಲಯದ ವರ್ನರ್ ಬರ್ಗ್‌ಮನ್ ಎಂಬ ರಸಾಯನವಿಜ್ಞಾನಿ, ಫ್ಲಾರಿಡಾದ ಕರಾವಳಿಯ ಆಳವಿಲ್ಲದ ನೀರಿನಿಂದ ತಂದ ಒಂದು ಸ್ಪಂಜಿನ ಸಾರದಲ್ಲಿ, ರಾಬರ್ಟ್ ಫೀನಿ ಎಂಬವರೊಡನೆ ಕೂಡಿ, ವಿಚಿತ್ರವಾದ ನ್ಯೂಕ್ಲಿಯೊಸೈಡುಗಳನ್ನು ಕಂಡು 1950 ಮತ್ತು 1951ರಲ್ಲಿ ಅವನ್ನು ಪ್ರಕಟಿಸಿದರು. ಸಕಲ ಜೀವಿಗಳ ಆನುವಂಶಿಕ ದ್ರವ್ಯದಲ್ಲಿ ರೈಬೋಸ್ ಅಥವಾ ಅದರ ಸಮೀಪದ ಸಕ್ಕರೆಯಿರುವ ಸ್ಥಾನದಲ್ಲಿ ಇವುಗಳಲ್ಲಿ ಅರಾಬಿನೋಸ್ ಎಂಬ ಬೇರೆ ಸಕ್ಕರೆಯಿತ್ತು. ಆ ಮಾದರಿಯನ್ನು ಅನುಸರಿಸಿ ಕೃತಕವಾಗಿ ತಯಾರಿಸಿದ ಸೈಟರಬಿನ್, ವೇಗವಾಗಿ ಒಡೆಯುತ್ತಿರುವ ರಕ್ತಕ್ಯಾನ್ಸರಿನ ಕೋಶದೊಳಕ್ಕೆ ಹೊಕ್ಕು, ಡಿಎನ್‌ಎಯ ಸರಪಳಿಯಲ್ಲಿ ತನ್ನದಲ್ಲದ ಜಾಗವನ್ನು ಹಿಡಿದು, ಆ ಸರಪಳಿ ಮುಂದುವರಿಯದಂತೆ ತಡೆಯುತ್ತದೆ. 1969ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಈ ಮದ್ದು ಇಂದು ವಿಶ್ವ ಆರೋಗ್ಯ ಸಂಸ್ಥೆಯ ಅವಶ್ಯಕ ಔಷಧಗಳ ಪಟ್ಟಿಯಲ್ಲಿದ್ದು, ನಮ್ಮ ಆಸ್ಪತ್ರೆಗಳಲ್ಲಿಯೂ ತೀವ್ರ ರಕ್ತಕ್ಯಾನ್ಸರಿನ ಚಿಕಿತ್ಸೆಗೆ ಆಧಾರವಾಗಿದೆ. ಜಪಾನಿನ ಕಪ್ಪು ಸ್ಪಂಜೊಂದರಿಂದ 1986ರಲ್ಲಿ ಬೇರ್ಪಡಿಸಲಾದ ಹ್ಯಾಲಿಕಾಂಡ್ರಿನ್ ಎಂಬ ದ್ರವ್ಯದ ಇತಿಹಾಸ ಇನ್ನೂ ಬೋಧಪ್ರದವಾದುದು: ನ್ಯೂಜಿಲೆಂಡಿನಲ್ಲಿ ಅದೇ ದ್ರವ್ಯವುಳ್ಳ ಬೇರೊಂದು ಸ್ಪಂಜಿನ ಒಂದು ಟನ್ನಿನಿಂದ ದೊರೆತದ್ದು ಸುಮಾರು 300 ಮಿಲಿಗ್ರಾಂ. ಹಾರ್ವರ್ಡಿನ ಯೋಶಿತೊ ಕಿಶಿ 1992ರಲ್ಲಿ ಆ ಅಣುವನ್ನು ಪ್ರಯೋಗಶಾಲೆಯಲ್ಲಿಯೇ ಕಟ್ಟಿ ತೋರಿಸಿದ ಬಳಿಕ, ಅದರ ಸರಳ ರೂಪವಾದ ಎರಿಬುಲಿನ್ 2010ರಲ್ಲಿ ಹರಡಿದ ಸ್ತನಕ್ಯಾನ್ಸರಿಗೆ ಮದ್ದಾಗಿ ಬಂದಿತು.

ಪ್ರಯೋಗಶಾಲೆಯಲ್ಲಿ ತಯಾರಿಸಬಹುದಾದ ಮೇಲೆ ದಿಬ್ಬವನ್ನು ಕಾಯುವ ಅಗತ್ಯವೇನೆಂದು ಕೇಳುವವರಿದ್ದಾರೆ. ತಯಾರಿಕೆ ಮನುಷ್ಯನದು, ದಿಟ. ಆದರೆ ಮಾದರಿ ಮನುಷ್ಯನದಲ್ಲ. ಅರಾಬಿನೋಸಿನ ನ್ಯೂಕ್ಲಿಯೊಸೈಡನ್ನು ಸ್ಪಂಜಿನಲ್ಲಿ ಕಾಣುವ ಮೊದಲು ಅಂಥದೊಂದು ಮದ್ದಾಗಬಹುದೆಂದು ಯಾರೂ ಯೋಚಿಸಿರಲಿಲ್ಲ. ಕೋಟ್ಯಂತರ ವರ್ಷಗಳಿಂದ ತಿನ್ನುವ ಬಾಯಿಗೂ ಆಕ್ರಮಿಸುವ ಸೂಕ್ಷ್ಮಜೀವಿಗೂ ನೆರೆಯ ಹವಳಕ್ಕೂ ಎದುರಾಗಿ ನಿಂತುದರಿಂದ ಈ ಅಣುಗಳು ರೂಪುಗೊಂಡವು. ಆ ಒತ್ತಡವನ್ನು ತೆಗೆದುಹಾಕಿದ ದಿಬ್ಬದಲ್ಲಿ ವಿಷವುಳ್ಳ ಜಾತಿಗಳು ಹಿಂದೆ ಸರಿದು ವಿಷಹೀನವಾದವು ಮುಂದೆ ಬರುತ್ತವೆಯೆಂದು ಮೇಲೆ ಹೇಳಿದ ಸಮೀಕ್ಷೆಯೇ ತಿಳಿಸುತ್ತದೆ. ಒಂದು ಸ್ಪಂಜನ್ನು ಕಾಯಿದೆಯ ಪಟ್ಟಿಗೆ ಸೇರಿಸಿ, ಅದನ್ನು ಕಚ್ಚುವ ಮೀನನ್ನು ಮಂಜುಗಡ್ಡೆಯ ಪೆಟ್ಟಿಗೆಗೆ ಸೇರಿಸಿದರೆ, ಕಾಯಿದೆ ಕಾಗದದಲ್ಲಿ ಉಳಿದು ಸ್ಪಂಜಿನ ಸಮಾಜ ಬದಲಾಗಿಹೋಗುತ್ತದೆ. ಮತ್ತು, ಮದ್ದಿನ ಆಸೆಯೊಂದರಿಂದಲೇ ಸ್ಪಂಜಿಗೆ ಬೆಲೆ ಕಟ್ಟುವುದು ನನಗೆ ಒಪ್ಪಿಗೆಯಲ್ಲ. ನೀರನ್ನು ಶೋಧಿಸುತ್ತ, ಹವಳವನ್ನು ಬಂಧಿಸುತ್ತ, ಕರಗಿದುದನ್ನು ಆಹಾರವಾಗಿ ಮಾರ್ಪಡಿಸುತ್ತ ಇರುವ ಜೀವಿಗೆ ಮನುಷ್ಯನ ಕಾಯಿಲೆಯ ಶಿಫಾರಸು ಬೇಕಾಗಿಲ್ಲ.

ಇನ್ನೊಂದು ಆಕ್ಷೇಪಣೆ ಹೆಚ್ಚು ಗೌರವಾರ್ಹವಾದುದು. ಕೆರಿಬಿಯನ್ನಿನಲ್ಲಿ ಕಂಡುದನ್ನು ಹಿಂದೂ ಮಹಾಸಾಗರಕ್ಕೆ ಹಾಗೆಯೇ ಅನ್ವಯಿಸಬಹುದೆ? ಅನ್ವಯಿಸಬಾರದು. ನಮ್ಮ ಕಡೆಯ ದಿಬ್ಬಗಳಲ್ಲಿ ಸ್ಪಂಜಿನ ಒಟ್ಟು ರಾಶಿ ಅಲ್ಲಿಗಿಂತ ಕಡಮೆ. ಪೆಸಿಫಿಕ್ ಹಾಗೂ ಹಿಂದೂ ಮಹಾಸಾಗರಗಳ ಹಲವು ಸ್ಪಂಜುಗಳು ತಮ್ಮೊಳಗಿನ ಸಹಜೀವಿಗಳ ನೆರವಿನಿಂದ ಬಿಸಿಲನ್ನೂ ಉಣ್ಣುತ್ತವೆ. ಅವುಗಳ ಸ್ಪರ್ಧೆಯ ಕ್ರಮವೇ ಬೇರೆಯಿರಬಹುದು. ಮನ್ನಾರ್ ಖಾರಿಯ ಮುತ್ತಿನ ಚಿಪ್ಪಿನ ತಾಣಗಳಿಂದ ಸಂಗ್ರಹಿಸಿದ ಸ್ಪಂಜುಗಳನ್ನು ಆರ್ಥರ್ ಡೆಂಡಿ 1905ರಲ್ಲಿಯೇ ವಿಸ್ತಾರವಾಗಿ ವರ್ಣಿಸಿದ್ದನೆಂಬುದನ್ನು ನೆನೆದರೆ, ಜಾತಿಗಳ ಪಟ್ಟಿಯ ಕೆಲಸ ನಮ್ಮಲ್ಲಿ ಹಳೆಯದೇ. ಯಾವ ಜಾತಿಯನ್ನು ಯಾವ ಮೀನು ತಿನ್ನುತ್ತದೆ, ಯಾವುದನ್ನು ಉಗುಳುತ್ತದೆ ಎಂಬ ಪರೀಕ್ಷೆಯನ್ನು ನಮ್ಮ ದಿಬ್ಬಗಳಲ್ಲಿ ಅಷ್ಟೇ ವಿಸ್ತಾರವಾಗಿ ನಡೆಸುವುದು ಮುಂದಿನ ಕೆಲಸ. ಅಂಟು, ಸ್ಕ್ವಿಡ್ಡಿನ ಪುಡಿ, ಒಂದು ತೊಟ್ಟಿ, ಹಸಿದ ಮೀನು: ನಮ್ಮ ಕರಾವಳಿಯ ವಿಶ್ವವಿದ್ಯಾನಿಲಯಗಳಿಗೆ ಇದು ಕೈಗೆಟುಕದ ಸಾಮಗ್ರಿಯಲ್ಲ. ಆದರೆ ಆ ಪರೀಕ್ಷೆ ಮುಗಿಯುವವರೆಗೆ ಮೀನು ಕಾಯಲಾರದು. ಮತ್ತು ಗಿಳಿಮೀನಿನ ವಿಷಯದಲ್ಲಂತೂ ಕಾಯಬೇಕಾದ ಕಾರಣವೇ ಇಲ್ಲ. ಬಂಡೆಯ ಮೇಲಿನ ಪಾಚಿಯನ್ನು ಕೆರೆದು ತಿಂದು ಹವಳದ ಮರಿಗಳಿಗೆ ನೆಲೆ ಮಾಡಿಕೊಡುವ ಅದರ ಉಪಕಾರ ಎಲ್ಲ ಸಾಗರಗಳಲ್ಲಿಯೂ ಸಿದ್ಧವಾಗಿರುವುದು. ಬೆಲೀಜ್ 2009ರಲ್ಲಿಯೂ ಬೊನೇರ್ 2010ರಲ್ಲಿಯೂ ಗಿಳಿಮೀನು ಹಿಡಿಯುವುದನ್ನು ನಿಷೇಧಿಸಿದುದು ಇದೇ ವಿವೇಕದಿಂದ.

ಲಕ್ಷದ್ವೀಪದ ಮಾತನ್ನು ನಾವು ಕನ್ನಡಿಗರು ದೂರದ ಮಾತೆಂದು ಕಳೆಯಲಾಗದು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೆ ಸೇರಿದ್ದವು. ಅಲ್ಲಿನ ತೆಂಗಿನ ನಾರು ಮಂಗಳೂರಿಗೆ ಬರುತ್ತಿತ್ತು. ಮೈಸೂರಿನಲ್ಲಿ ನೆಲೆಗೊಂಡಿರುವ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ವಿಜ್ಞಾನಿಗಳು 1998ರಿಂದ ಅಲ್ಲಿನ ದಿಬ್ಬಗಳನ್ನು ನೋಡುತ್ತ ಬಂದಿದ್ದಾರೆ. 1998, 2010 ಮತ್ತು 2016ರ ಬಿಸಿಯ ಅಲೆಗಳಿಗೆ ಸಿಕ್ಕಿದ ಆ ದಿಬ್ಬಗಳಲ್ಲಿ ಹವಳದ ಹೊದಿಕೆ ಸುಮಾರು ಶೇಕಡ 37ರಿಂದ 2022ರ ವೇಳೆಗೆ ಶೇಕಡ 20ರ ಸುತ್ತಮುತ್ತ ಇಳಿದಿರುವುದನ್ನು ಅವರು ದಾಖಲಿಸಿದ್ದಾರೆ. ಇಷ್ಟಾದರೂ ಅಲ್ಲಿ ಒಂದು ಭಾಗ್ಯವಿತ್ತು. ದ್ವೀಪವಾಸಿಗಳ ಮೀನುಗಾರಿಕೆ ಬಹುಕಾಲ ದಿಬ್ಬದ ಹೊರಗಿನ ಆಳಸಮುದ್ರದ ಟ್ಯೂನಾ ಮೀನನ್ನು ಅವಲಂಬಿಸಿದ್ದುದರಿಂದ, ಜೀವಂತ ಸಣ್ಣ ಮೀನುಗಳನ್ನು ಎರಚಿ, ಕೋಲಿಗೆ ಕಟ್ಟಿದ ಗಾಳದಿಂದ ಒಂದೊಂದಾಗಿ ಟ್ಯೂನಾವನ್ನು ಎತ್ತಿಹಾಕುವ ಮಿನಿಕಾಯಿಯವರ ವಿದ್ಯೆ ಉಳಿದ ದ್ವೀಪಗಳಿಗೂ ಹಬ್ಬಿದುದರಿಂದ, ದಿಬ್ಬದ ಮೀನುಗಳ ಮೇಲೆ ಕೈಹಾಕುವ ಅಗತ್ಯ ಕಡಮೆಯಾಗಿತ್ತು. ಈಚೆಗೆ ಮುಖ್ಯಭೂಮಿಯ ಮಾರುಕಟ್ಟೆಗೆ ದಿಬ್ಬದ ಮೀನನ್ನೇ ಹಿಡಿದು ಕಳುಹಿಸುವ ವ್ಯಾಪಾರ ತಲೆಯೆತ್ತಿದೆ. ಜಮೈಕಾ ತಲೆಮಾರುಗಳಲ್ಲಿ ಕಳೆದುಕೊಂಡುದನ್ನು ಶೀತಲಪೆಟ್ಟಿಗೆಯ ಕಾಲದಲ್ಲಿ ಕೆಲವೇ ವರ್ಷಗಳಲ್ಲಿ ಕಳೆದುಕೊಳ್ಳಬಹುದು.

ಆದುದರಿಂದ ಲಕ್ಷದ್ವೀಪದ ಆಡಳಿತ ಗಿಳಿಮೀನು, ಏಂಜಲ್ ಮೀನು ಮೊದಲಾದ ಮೇಯುವ ಮೀನುಗಳನ್ನು ಹೊರಗೆ ಮಾರುವುದನ್ನು, ವ್ಯಾಪಾರ ಬೇರೂರುವ ಮೊದಲೇ, ನಿಷೇಧಿಸತಕ್ಕದ್ದು. ಮನೆಯ ಊಟಕ್ಕಾಗಿ ಹಿಡಿಯುವ ದ್ವೀಪವಾಸಿಯನ್ನು ಆ ನಿಷೇಧ ಮುಟ್ಟಬೇಕಾಗಿಲ್ಲ. ನಮ್ಮ ಮುರ್ಡೇಶ್ವರದ ಎದುರಿನ ನೇತ್ರಾಣಿಯಲ್ಲಿ ಮುಳುಗುಗಾರರನ್ನು ಕರೆದೊಯ್ದು ಹಣ ಗಳಿಸುತ್ತಿರುವ ರಾಜ್ಯ, ಆ ದ್ವೀಪದ ಸುತ್ತಲಿನ ದಿಬ್ಬದ ಮೀನುಗಳಿಗೂ ಅದೇ ರಕ್ಷಣೆಯನ್ನು ಕೊಟ್ಟು, ಹವಳವನ್ನು ಎಣಿಸುವಾಗ ಸ್ಪಂಜನ್ನೂ ಜಾತಿವಾರು ಎಣಿಸುವ ಏರ್ಪಾಡು ಮಾಡಲಿ. ಆದರೆ ನಿಷೇಧವೊಂದನ್ನೇ ಹೊರಡಿಸಿ ಮೀನುಗಾರನ ಸಂಸಾರವನ್ನು ಮರೆತರೆ ಅದು ನ್ಯಾಯವೂ ಅಲ್ಲ, ಬಾಳುವುದೂ ಇಲ್ಲ. ಟ್ಯೂನಾ ಹಿಡಿದು ದಡಕ್ಕೆ ಬಂದವನಿಗೆ ಅಂದೇ ಮಂಜುಗಡ್ಡೆ ದೊರೆಯಬೇಕು. ಬೇಯಿಸಿ, ಹೊಗೆಯಲ್ಲಿಟ್ಟು, ಬಿಸಿಲಲ್ಲಿ ಒಣಗಿಸಿದ ಅವನ ಮಾಸ್ ಮೀನಿಗೆ ಮಂಗಳೂರಿನ ಧಕ್ಕೆಯಲ್ಲಿಯೂ ಕೊಚ್ಚಿಯಲ್ಲಿಯೂ ನಿಶ್ಚಿತವಾದ ಬೆಲೆ ಇರಬೇಕು. ಮಳೆಗಾಲದಲ್ಲಿ ದೋಣಿ ಹೊರಡದ ತಿಂಗಳುಗಳಿಗೆ ಸಾಲವಲ್ಲದ ನೆರವು ಇರಬೇಕು. ಇದಕ್ಕೆ ತಗಲುವ ವೆಚ್ಚವನ್ನು ಮೀನುಗಾರಿಕೆಯ ಇಲಾಖೆಯ ಮೇಲೆ ಮಾತ್ರ ಹೊರಿಸದೆ, ಪರಿಸರ ಮತ್ತು ಆರೋಗ್ಯದ ಲೆಕ್ಕದಲ್ಲಿಯೂ ಒಂದು ಪಾಲನ್ನು ಬರೆದು ಬರುವ ಮುಂಗಡಪತ್ರದಲ್ಲಿಯೇ ಸೇರಿಸುವುದು ಯುಕ್ತ.